ಏನೂ ಆಗಲಿಲ್ಲವಲ್ಲ!

“ಏನೂ ಆಗಲಿಲ್ಲವಲ್ಲ, ಬಿಡಿ!” ನಮ್ಮ ಮನೆಗಳಲ್ಲಿ ದಿನಕ್ಕೊಮ್ಮೆಯಾದರೂ ಕೇಳಿಬರುವ ಮಾತು ಇದು. ಹಾಲನ್ನು ಒಲೆಯ ಮೇಲಿಟ್ಟು ಬಾಗಿಲಲ್ಲಿ ಮಾತಿಗೆ ನಿಂತವರು ಓಡಿಬಂದು ಗ್ಯಾಸ್ ಆರಿಸಿದಾಗ ಈ ಮಾತು ಬರುತ್ತದೆ. ಇಸ್ತ್ರಿಪೆಟ್ಟಿಗೆಯನ್ನು ಆರಿಸದೆ ಹೊರಟವರು ಸಂಜೆ ಬಂದು ಮನೆ ಇದ್ದ ಹಾಗೆಯೇ ಇರುವುದನ್ನು ಕಂಡಾಗಲೂ ಇದೇ ಮಾತು. ಅದು ಸಮಾಧಾನದ ಮಾತು, ಒಬ್ಬರು ಇನ್ನೊಬ್ಬರ ಎದೆಯ ಭಾರ ಇಳಿಸಲು ಆಡುವ ಮಾತು. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಸಮಾಧಾನದ ಮಾತು ಬರಬರುತ್ತ ತೀರ್ಪಿನ ಮಾತಾಗಿಬಿಡುತ್ತದೆ. ಏನೂ ಆಗಲಿಲ್ಲ, ಆದ್ದರಿಂದ ತಪ್ಪೂ ಇರಲಿಲ್ಲ ಎಂದು ನಾವು ನಂಬತೊಡಗುತ್ತೇವೆ. ಇದು ಸರಿಯೆ? ಕೇಡಾಗದೆ ಹೋದ ಅಜಾಗರೂಕತೆ ತಪ್ಪೋ ಅಲ್ಲವೋ? ಈ ಪ್ರಶ್ನೆಯನ್ನು ಓದುಗ ಬಂಧುಗಳ ಮುಂದೆ ಇಡಬೇಕೆಂದು ನಮಗೆ ತೋರಿದ್ದು ಮಕ್ಕಳ ಆಟದ ಸಾಮಾನೊಂದರ ದೆಸೆಯಿಂದ.

ರಿಮೋಟ್ ಕಾರು ಎಂದೊಡನೆ ನಮ್ಮಲ್ಲಿ ಅನೇಕರಿಗೆ ಪೆನ್ಸಿಲ್ ಸೆಲ್ ಹಾಕಿ ಓಡಿಸುತ್ತಿದ್ದ, ಎರಡು ದಿನಕ್ಕೆ ಚಕ್ರ ಕಳಚುತ್ತಿದ್ದ ಪ್ಲಾಸ್ಟಿಕ್ ಆಟಿಕೆ ನೆನಪಾಗಬಹುದು. ಈಗಿನದು ಬೇರೆ. ಹೈಸ್ಕೂಲು, ಕಾಲೇಜಿನ ಹುಡುಗರು ತಾವೇ ಬಿಚ್ಚಿ ಜೋಡಿಸುವ, ಮೋಟಾರು, ಗೇರು, ಸ್ಪ್ರಿಂಗು ಎಲ್ಲ ಉಳ್ಳ ಪುಟ್ಟ ವಾಹನ ಅದು. ಕೋಠಿಯ ಗುಜರಾತಿ ಗಲ್ಲಿಯಲ್ಲಿ ಬಿಡಿಭಾಗಕ್ಕಾಗಿ ಅಲೆಯುವ ಹುಡುಗರನ್ನು ನಾವೆಲ್ಲ ನೋಡಿದ್ದೇವೆ. ಈ ಕಾರಿಗೂ, ಹಾರುವ ಡ್ರೋನಿಗೂ ಜೀವ ಕೊಡುವುದು ಬೆಳ್ಳಿಬಣ್ಣದ ಒಂದು ಮೆತ್ತನೆಯ ಪೊಟ್ಟಣ. ಅದೇ ಲಿಥಿಯಂ ಪಾಲಿಮರ್ ಬ್ಯಾಟರಿ; ಹುಡುಗರ ಬಾಯಲ್ಲಿ ‘ಲಿಪೊ’.

ಲಿಥಿಯಂ ಬ್ಯಾಟರಿಯನ್ನು ದೂರುವುದು ನಮ್ಮ ಉದ್ದೇಶವಲ್ಲ. 1991ರಲ್ಲಿ ಜಪಾನಿನ ಸೋನಿ ಸಂಸ್ಥೆ ಲಿಥಿಯಂ ಅಯಾನ್ ಬ್ಯಾಟರಿಯನ್ನು ಮಾರುಕಟ್ಟೆಗೆ ತಂದಂದಿನಿಂದ ಜಗತ್ತಿನ ನಡೆಯೇ ಬದಲಾಯಿತು. ಅದಕ್ಕೆ ತಳಹದಿ ಹಾಕಿದ ಗುಡೆನಫ್, ವಿಟ್ಟಿಂಗ್‌ಹ್ಯಾಮ್, ಯೋಶಿನೊ ಎಂಬ ಮೂವರಿಗೆ 2019ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ಬಂದದ್ದು ಯೋಗ್ಯವೇ ಆಗಿತ್ತು. ಆದರೆ ಅದರ ಸ್ವಭಾವ ತಿಳಿದಿರಬೇಕು. ಹಳೆಯ ಕಾರು ಬ್ಯಾಟರಿಯಲ್ಲಿರುವುದು ನೀರು ಬೆರೆತ ಆಮ್ಲ. ಇದರಲ್ಲಿರುವುದು ಬೆಂಕಿ ಹತ್ತಿಕೊಳ್ಳುವ ಸಾವಯವ ದ್ರಾವಕ. ಎರಡು ಧ್ರುವಗಳನ್ನು ಒಂದಕ್ಕೊಂದು ತಗುಲದಂತೆ ಬೇರೆ ಇಟ್ಟಿರುವುದು ತಲೆಗೂದಲಿಗಿಂತ ತೆಳುವಾದ ಒಂದು ಪ್ಲಾಸ್ಟಿಕ್ ಹಾಳೆ. ಸುಮಾರು 130 ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿ ಆ ಹಾಳೆ ಕರಗತೊಡಗುತ್ತದೆ. ಕರಗಿದರೆ ಒಳಗೇ ಷಾರ್ಟ್ ಆಗಿ ಶಾಖ ಇನ್ನೂ ಏರುತ್ತದೆ, ಆ ಶಾಖ ಪಕ್ಕದ ಸೆಲ್ಲನ್ನೂ ಕೆಡಿಸುತ್ತದೆ. ಶಾಖವೇ ಶಾಖವನ್ನು ಹೆರುವ ಈ ಸರಪಳಿ ಒಮ್ಮೆ ಶುರುವಾದರೆ ಗೋಣಿಚೀಲ ಹೊದಿಸಿ ಗಾಳಿ ತಡೆದ ಮಾತ್ರಕ್ಕೆ ನಿಲ್ಲುವುದಿಲ್ಲ. ಏಳುವ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ, ಹೈಡ್ರೋಜನ್ ಫ್ಲೋರೈಡ್ ಎಂಬ ಘೋರ ವಿಷವೂ ಇರುತ್ತದೆ.

ಒಂದು ಲೆಕ್ಕ ಹಾಕಿ ನೋಡೋಣ. ಎರಡು ಸೆಲ್ಲಿನ, 7.4 ವೋಲ್ಟಿನ, 5000 ಮಿಲಿ ಆಂಪಿಯರ್ ಗಂಟೆಯ ಬ್ಯಾಟರಿಯಲ್ಲಿ ತುಂಬಿರುವ ವಿದ್ಯುತ್ತು 37 ವಾಟ್ ಗಂಟೆ. ಸುಮಾರು 400 ಮಿಲಿಲೀಟರ್ ನೀರನ್ನು ಕುದಿಯುವ ಮಟ್ಟಕ್ಕೆ ತರುವಷ್ಟು, ಅಂದರೆ ಮನೆಗೆ ಬಂದ ಇಬ್ಬರಿಗೆ ಕಾಫಿ ಕಾಯಿಸುವಷ್ಟು ಶಾಖ. ಇಷ್ಟೇ ತಾನೆ ಎನಿಸಬಹುದು. ಆ ಶಾಖವೆಲ್ಲ ಕೆಲವು ನಿಮಿಷಗಳೊಳಗೆ ಅಂಗೈಯಗಲದ ಜಾಗದಲ್ಲಿ ಹೊರಬಿದ್ದು, ಜೊತೆಗೆ ದ್ರಾವಕವೂ ಉರಿದು, ಪಕ್ಕದಲ್ಲೇ ಹಾಸಿಗೆಯೋ ಪರದೆಯೋ ಇದ್ದರೆ ಮುಂದಿನದನ್ನು ಅವೇ ನೋಡಿಕೊಳ್ಳುತ್ತವೆ.

ಮೊಬೈಲಿನಲ್ಲಿಯೂ ಲಿಥಿಯಂ ಬ್ಯಾಟರಿಯೇ ಇದೆಯಲ್ಲ ಎಂದು ಕೇಳುವವರುಂಟು. ಇದೆ. ಆದರೆ ಮೊಬೈಲಿನ ಬ್ಯಾಟರಿಗೆ ಅದರೊಳಗೇ ಒಂದು ಕಾವಲು ಸರ್ಕೀಟು ಇರುತ್ತದೆ. ವೋಲ್ಟೇಜು ಮಿತಿ ಮೀರಿದರೆ ಅದು ಸಂಪರ್ಕವನ್ನು ಕಡಿದುಹಾಕುತ್ತದೆ. ಆಟದ ಕಾರಿಗೆ ಒಮ್ಮೆಲೇ ಭಾರಿ ಕರೆಂಟು ಬೇಕಾದ್ದರಿಂದ ಅದರ ಬ್ಯಾಟರಿಯಲ್ಲಿ ಸಾಮಾನ್ಯವಾಗಿ ಆ ಕಾವಲನ್ನು ಇಟ್ಟಿರುವುದಿಲ್ಲ. ಒಂದು ಸೆಲ್ಲಿಗೆ 4.2 ವೋಲ್ಟಿಗಿಂತ ಹೆಚ್ಚು ತುಂಬಬಾರದು, 3 ವೋಲ್ಟಿಗಿಂತ ಕೆಳಗೆ ಇಳಿಸಬಾರದು. ಸೆಲ್ಲುಗಳು ಒಂದೇ ಸಮನಾಗಿ ತುಂಬಬೇಕು, ಚಾರ್ಜರಿನಲ್ಲಿ ಸೆಲ್ಲುಗಳ ಸಂಖ್ಯೆಯನ್ನೂ ಬ್ಯಾಟರಿಯ ಜಾತಿಯನ್ನೂ ಸರಿಯಾಗಿ ಆರಿಸಬೇಕು. ಇದನ್ನೆಲ್ಲ ನೋಡಿಕೊಳ್ಳಬೇಕಾದವರು ಇಬ್ಬರೇ: ಒಂದು ಚಾರ್ಜರು, ಇನ್ನೊಂದು ಚಾರ್ಜಿಗಿಟ್ಟ ಮನುಷ್ಯ. ಬ್ಯಾಟರಿ ತಯಾರಿಸಿದವನು ಕಾವಲುಗಾರನ ಹುದ್ದೆಯನ್ನು ಖಾಲಿ ಬಿಟ್ಟು ಕಳಿಸಿದ್ದಾನೆ. ಅದನ್ನು ಕೊಂಡವನು ಆ ಹುದ್ದೆಗೆ ತಾನಾಗಿಯೇ ಸೇರಿದ ಹಾಗೆ. ಗೊತ್ತಿಲ್ಲದೆ ಸೇರಿದ್ದರೂ ಸೇರಿದ ಹಾಗೆಯೇ.

ಬ್ಯಾಟರಿಯ ಬೆಂಕಿ ಏನು ಮಾಡಬಲ್ಲುದು ಎಂಬುದನ್ನು ನಮ್ಮ ನಗರ ಕಣ್ಣಾರೆ ಕಂಡಿದೆ. 2022ರ ಸೆಪ್ಟೆಂಬರ್ 12ರ ರಾತ್ರಿ ಸಿಕಂದರಾಬಾದಿನ ಒಂದು ಕಟ್ಟಡದಲ್ಲಿ, ಕೆಳಗಿದ್ದ ವಿದ್ಯುತ್ ಸ್ಕೂಟರುಗಳ ಮಳಿಗೆಯಿಂದ ಬೆಂಕಿ ಎದ್ದಿತು. ಮೇಲಿನ ಅಂತಸ್ತುಗಳಲ್ಲಿ ವಸತಿಗೃಹವಿತ್ತು. ಹೊಗೆ ಮೆಟ್ಟಿಲ ಹಾದಿಯನ್ನೇ ಹಿಡಿದು ಮೇಲೇರಿತು. ಎಂಟು ಮಂದಿ ಸತ್ತರು. ಬೇರೆ ಊರುಗಳಿಂದ ಕೆಲಸದ ಮೇಲೆ ಬಂದು ಒಂದೆರಡು ರಾತ್ರಿ ತಂಗಿದವರು ಅವರಲ್ಲಿದ್ದರು. ಕೆಳಗಿನ ಸ್ಕೂಟರುಗಳಿಗೂ ಅವರಿಗೂ ಏನೇನೂ ಸಂಬಂಧವಿರಲಿಲ್ಲ. ಅದೇ ವರ್ಷ ಏಪ್ರಿಲಿನಲ್ಲಿ ನಿಜಾಮಾಬಾದಿನ ಒಂದು ಮನೆಯಲ್ಲಿ ರಾತ್ರಿ ಚಾರ್ಜಿಗಿಟ್ಟಿದ್ದ ಸ್ಕೂಟರಿನ ಬ್ಯಾಟರಿ ಸಿಡಿದು, ಅಲ್ಲೇ ಮಲಗಿದ್ದ ವೃದ್ಧರೊಬ್ಬರು ತೀರಿಕೊಂಡರು. ಅದಕ್ಕೂ ಮುಂಚೆ ಮಾರ್ಚಿನಲ್ಲಿ ತಮಿಳುನಾಡಿನ ವೆಲ್ಲೂರಿನಲ್ಲಿ ಮನೆಯ ಬಳಿ ರಾತ್ರಿ ಚಾರ್ಜಿಗಿಟ್ಟ ಸ್ಕೂಟರು ಹತ್ತಿ ಉರಿದು, ತಂದೆಯೂ ಮಗಳೂ ಹೊಗೆಯಲ್ಲಿ ಉಸಿರುಕಟ್ಟಿ ಹೋದರು.

ಸ್ಕೂಟರಿನ ಬ್ಯಾಟರಿ ದೊಡ್ಡದು, ಆಟದ ಕಾರಿನದು ಚಿಕ್ಕದು. ವ್ಯತ್ಯಾಸವನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಸ್ಕೂಟರುಗಳ ವಿಷಯದಲ್ಲಿ ಆ ದುರಂತಗಳಾದ ಮೇಲೆ ಕೇಂದ್ರ ಸರ್ಕಾರ ಎಚ್ಚೆತ್ತು, ಬ್ಯಾಟರಿ ಸುರಕ್ಷತೆಯ ಬಿಗಿಯಾದ ನಿಯಮಗಳನ್ನು 2022ರ ಡಿಸೆಂಬರ್ 1ರಿಂದ ಒಂದು ಹಂತ, 2023ರ ಮಾರ್ಚ್ 31ರಿಂದ ಇನ್ನೊಂದು ಹಂತವಾಗಿ ಜಾರಿಗೆ ತಂದಿತು. ಅವು ರಸ್ತೆಯ ವಾಹನಗಳಿಗೆ ಬರೆದ ನಿಯಮಗಳು. ಹುಡುಗನ ಮಂಚದ ಕೆಳಗಿನ ಕಾರಿಗೆ ಅವು ತಾಗುವುದಿಲ್ಲ. ಅಲ್ಲಿ ನಿಯಮವೂ ನಾವೇ, ಇನ್‌ಸ್ಪೆಕ್ಟರೂ ನಾವೇ.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಒಂದೇ ಅಪಾರ್ಟ್‌ಮೆಂಟಿನ ಎರಡು ಮನೆಗಳನ್ನು ಊಹಿಸಿಕೊಳ್ಳೋಣ. ಎರಡರಲ್ಲಿಯೂ ಹುಡುಗ ಬ್ಯಾಟರಿಯನ್ನು ಚಾರ್ಜಿಗಿಟ್ಟಿದ್ದಾನೆ. ಎರಡು ಮನೆಯವರೂ ಅದನ್ನು ನೋಡಿಯೂ ಬಾಗಿಲು ಹಾಕಿಕೊಂಡು ಒಂದೇ ಮದುವೆಯ ಆರತಕ್ಷತೆಗೆ ಹೋಗಿದ್ದಾರೆ. ಒಂದು ಮನೆಯಲ್ಲಿ ಬ್ಯಾಟರಿ ತುಂಬಿ ಸುಮ್ಮನಾಯಿತು. ಇನ್ನೊಂದರಲ್ಲಿ ಹತ್ತಿಕೊಂಡು, ಹೊಗೆ ಮೇಲಿನ ಮನೆಗೆ ನುಗ್ಗಿ, ಅಲ್ಲಿನ ಮುದುಕಿಯೊಬ್ಬಳು ಸತ್ತಳು. ಊರೆಲ್ಲ ಎರಡನೆಯವರನ್ನು ಬೈಯುತ್ತದೆ. ಬೈಯುವವರಲ್ಲಿ ಮೊದಲನೆಯವರೂ ಇರುತ್ತಾರೆ! ಇಬ್ಬರೂ ಮಾಡಿದ್ದು ಒಂದೇ, ಬಿಟ್ಟದ್ದು ಒಂದೇ. ನಡುವೆ ಬಂದ ವ್ಯತ್ಯಾಸ ಪ್ಲಾಸ್ಟಿಕ್ ಹಾಳೆಯಲ್ಲಿದ್ದ ಕಣ್ಣಿಗೆ ಕಾಣದ ಒಂದು ಗಾಯ. ಆ ಗಾಯ ಯಾರ ಗುಣಾವಗುಣ?

ಪಾಶ್ಚಾತ್ಯ ತತ್ತ್ವಶಾಸ್ತ್ರದಲ್ಲಿ ಈ ತೊಡಕಿಗೆ ‘ನೈತಿಕ ಅದೃಷ್ಟ’ ಎಂಬ ಹೆಸರು ಬಂದದ್ದು 1976ರಲ್ಲಿ, ಇಂಗ್ಲೆಂಡಿನ ಬರ್ನಾರ್ಡ್ ವಿಲಿಯಮ್ಸ್ ಮತ್ತು ಅಮೆರಿಕದ ಥಾಮಸ್ ನೇಗೆಲ್ ನಡೆಸಿದ ಚರ್ಚೆಯಿಂದ. ಮನುಷ್ಯನ ಕೈಯಲ್ಲಿಲ್ಲದ ಸಂಗತಿಗಾಗಿ ಅವನನ್ನು ಹೊಗಳುವುದೂ ತೆಗಳುವುದೂ ನ್ಯಾಯವಲ್ಲವೆಂದು ನಮ್ಮ ಬುದ್ಧಿ ಹೇಳುತ್ತದೆ. ಆದರೂ ನಾವು ಹಾಗೆ ಮಾಡುತ್ತಲೇ ಇರುತ್ತೇವೆ ಎಂಬುದು ಅವರು ಎತ್ತಿ ತೋರಿಸಿದ ತೊಡಕು. ನಮ್ಮ ಕಾನೂನಿನಲ್ಲಿಯೂ ಈ ಎರಡು ಮುಖ ಕಾಣುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 287ನೆಯ ಕಲಮಿನ ಪ್ರಕಾರ, ಬೆಂಕಿಯ ವಿಷಯದಲ್ಲಿ ಜೀವಕ್ಕೆ ಅಪಾಯವಾಗುವಷ್ಟು ಅಜಾಗರೂಕನಾಗಿರುವುದೇ ಅಪರಾಧ. ಯಾರಿಗೂ ಏನೂ ಆಗಬೇಕೆಂದಿಲ್ಲ. ಶಿಕ್ಷೆ ಆರು ತಿಂಗಳವರೆಗೆ ಸೆರೆ, ಇಲ್ಲವೆ ದಂಡ, ಇಲ್ಲವೆ ಎರಡೂ. ಅದೇ ಅಜಾಗರೂಕತೆಯಿಂದ ಒಬ್ಬರು ಸತ್ತರೆ 106ನೆಯ ಕಲಮು ಬಂದು ಐದು ವರ್ಷದವರೆಗೆ ಏರುತ್ತದೆ. ಅಂದರೆ, ಏನೂ ಆಗದಿದ್ದರೂ ತಪ್ಪು ತಪ್ಪೇ ಎಂದು ಕಾನೂನು ಒಪ್ಪುತ್ತದೆ. ಆದರೂ ಫಲವನ್ನು ನೋಡಿ ತೂಕ ಹಾಕುತ್ತದೆ.

ನಮ್ಮ ನಾಡಿನ ಚಿಂತನೆಯಲ್ಲಿ ಈ ವಿಷಯವನ್ನು ಇನ್ನೂ ನೇರವಾಗಿ ಹೇಳಿದವರು ಜೈನ ಆಚಾರ್ಯರು. ಕನ್ನಡ ನೆಲದಲ್ಲಿ ಬೇರೂರಿದ ಈ ಧರ್ಮ ಅಹಿಂಸೆಗೆ ಹೆಸರಾದದ್ದು ಎಲ್ಲರಿಗೂ ಗೊತ್ತು. ಹಿಂಸೆ ಎಂದರೇನು ಎಂಬುದಕ್ಕೆ ಅವರು ಕೊಟ್ಟ ಲಕ್ಷಣ ಮಾತ್ರ ಹೆಚ್ಚು ಜನಕ್ಕೆ ತಿಳಿದಿಲ್ಲ. ಉಮಾಸ್ವಾತಿಯ ತತ್ತ್ವಾರ್ಥಸೂತ್ರ ಹಿಂಸೆಯನ್ನು ವಿವರಿಸುವಾಗ ‘ಪ್ರಮಾದ’ವನ್ನು, ಅಂದರೆ ಎಚ್ಚರಗೇಡಿತನವನ್ನು, ಅದರ ಮೂಲದಲ್ಲಿಡುತ್ತದೆ. ಕುಂದಕುಂದಾಚಾರ್ಯರ ಪ್ರವಚನಸಾರ ಮತ್ತೂ ಮುಂದೆ ಹೋಗಿ, ಎಚ್ಚರಗೆಟ್ಟು ನಡೆಯುವವನಿಗೆ ಜೀವಿ ಸತ್ತರೂ ಬದುಕಿದರೂ ಹಿಂಸೆಯ ದೋಷ ತಪ್ಪದು, ಎಚ್ಚರದಿಂದ ನಡೆಯುವವನಿಗೆ ಕೈಮೀರಿ ಜೀವಹಾನಿಯಾದರೂ ಆ ದೋಷ ಅಂಟದು ಎಂಬ ನಿಲುವನ್ನು ತಾಳುತ್ತದೆ. ಜೈನ ಮುನಿಗಳು ಪಾಲಿಸುವ ಐದು ಸಮಿತಿಗಳಲ್ಲಿ ಒಂದು, ವಸ್ತುಗಳನ್ನು ಎತ್ತಿಕೊಳ್ಳುವಾಗಲೂ ಕೆಳಗಿಡುವಾಗಲೂ ಇರಬೇಕಾದ ಎಚ್ಚರಕ್ಕೇ ಮೀಸಲಾಗಿದೆ. ಒಂದು ಸಾಮಾನನ್ನು ಎಲ್ಲಿ ಇಡುತ್ತೇವೆ, ಹೇಗೆ ಇಡುತ್ತೇವೆ ಎಂಬುದು ಅವರ ಕಣ್ಣಿಗೆ ಧರ್ಮದ ಪ್ರಶ್ನೆ.

ಇಷ್ಟು ದೊಡ್ಡ ಮಾತು ಏಕೆ ಎನ್ನುವವರಿಗೆ ಕಚೇರಿಯ ಒಂದು ಮಾತು ಹೇಳುತ್ತೇವೆ. ಕ್ಯಾಷಿಯರು ಊಟಕ್ಕೆ ಹೋಗುವಾಗ ತಿಜೋರಿಯ ಬೀಗದ ಕೈಯನ್ನು ಮೇಜಿನ ಮೇಲೆ ಬಿಟ್ಟುಹೋದ ಎಂದಿಟ್ಟುಕೊಳ್ಳಿ. ಮರಳಿ ಬಂದು ಎಣಿಸಿದರೆ ಒಂದು ರೂಪಾಯಿಯೂ ಕಡಿಮೆಯಿಲ್ಲ. ಆದರೂ ಅವನಿಗೆ ಮೆಮೊ ಬರುತ್ತದೆ, ಬರಲೇಬೇಕು. “ಹಣ ಸರಿಯಾಗಿದೆಯಲ್ಲ ಸಾರ್” ಎಂಬುದು ಉತ್ತರವಾಗುವುದಿಲ್ಲ. ಅವನಿಗೆ ಒಪ್ಪಿಸಿದ್ದು ಹಣವನ್ನು ಮಾತ್ರವಲ್ಲ, ಕಾವಲನ್ನೂ ಒಪ್ಪಿಸಿತ್ತು. ಹಣ ಉಳಿದದ್ದು ಅವನ ಕಾವಲಿನಿಂದಲ್ಲ, ಸಹೋದ್ಯೋಗಿಗಳ ಪ್ರಾಮಾಣಿಕತೆಯಿಂದ. ಹಾಗೆಯೇ, ಬ್ಯಾಟರಿ ಹತ್ತಿಕೊಳ್ಳದೆ ಇದ್ದ ರಾತ್ರಿ ನಮ್ಮನ್ನು ಕಾಪಾಡಿದ್ದು ನಮ್ಮ ಎಚ್ಚರವಲ್ಲ. ಬೇರೆಯವರ ಗಳಿಕೆಯನ್ನು ನಮ್ಮ ಖಾತೆಗೆ ಬರೆದುಕೊಳ್ಳುವುದು ಲೆಕ್ಕದ ಮರ್ಯಾದೆಯಲ್ಲ.

ಹಾಗಾದರೆ ಫಲಕ್ಕೆ ಬೆಲೆಯೇ ಇಲ್ಲವೆ? ಇದೆ. ಮುದುಕಿ ಸತ್ತ ಮನೆಯವರಿಗೆ ಹೋಗಿ ತಲೆಬಾಗಬೇಕಾದವರು, ಜೀವನಪೂರ್ತಿ ಆ ನೋವನ್ನು ಹೊರಬೇಕಾದವರು ಎರಡನೆಯ ಮನೆಯವರೇ. ಫಲ ಹೊಣೆಯನ್ನು ಹೆಚ್ಚಿಸುತ್ತದೆ, ತೀರಿಸಬೇಕಾದ ಋಣವನ್ನು ಹೆಚ್ಚಿಸುತ್ತದೆ. ಆದರೆ ತಪ್ಪು ಹುಟ್ಟುವುದು ಫಲದಿಂದಲ್ಲ. ಅದು ಬಾಗಿಲಿಗೆ ಬೀಗ ಹಾಕಿ ಮೆಟ್ಟಿಲಿಳಿದ ಗಳಿಗೆಯಲ್ಲೇ ಎರಡು ಮನೆಗಳಲ್ಲಿಯೂ ಹುಟ್ಟಿ ಆಗಿತ್ತು. ಇದನ್ನು ಒಪ್ಪಿಕೊಂಡರೆ ಎರಡು ಲಾಭಗಳಿವೆ. ಸುಟ್ಟ ಮನೆಯವರ ಕಡೆ ಬೆರಳು ತೋರಿಸುವ ಆತುರ ತಗ್ಗುತ್ತದೆ. ಸುಡದ ಮನೆಯವರಿಗೆ ತಿದ್ದಿಕೊಳ್ಳಲು ಅವಕಾಶ ಸಿಗುತ್ತದೆ. ಬೆಂಕಿ ಬಿದ್ದಾಗ ಬಾವಿ ತೋಡಬೇಡಿರೆಂದು ಹಿರಿಯರು ಹೇಳಿದ್ದು ಈ ಅವಕಾಶ ಇನ್ನೂ ಇರುವವರಿಗೇ ಅಲ್ಲವೆ?

ಇಲ್ಲೊಂದು ಆಕ್ಷೇಪಣೆ ಬರುತ್ತದೆ, ಅದು ತಳ್ಳಿಹಾಕತಕ್ಕದ್ದಲ್ಲ. ಗ್ಯಾಸ್ ಸಿಲಿಂಡರು, ಕುಕ್ಕರು, ಗೀಸರು, ದೀಪಾವಳಿಯ ಪಟಾಕಿ, ಎಲ್ಲದರಲ್ಲಿಯೂ ಅಪಾಯವಿದೆ. ಎಲ್ಲಕ್ಕೂ ಹೆದರಿ ಬದುಕುವುದು ಹೇಗೆ? ನಿಜ. ಅಪಾಯವಿಲ್ಲದ ಬದುಕು ಎಲ್ಲಿಯೂ ಇಲ್ಲ. ಆದ್ದರಿಂದ ಕೇಳಬೇಕಾದದ್ದು ಅಪಾಯ ಇದೆಯೇ ಎಂದಲ್ಲ. ಅದರ ಸುಖ ಯಾರಿಗೆ, ಅದರ ಭಾರ ಯಾರ ಮೇಲೆ ಎಂದು. ಒಬ್ಬನೇ ಬೆಟ್ಟ ಹತ್ತುವವನು ತನ್ನ ಕಾಲನ್ನು ಪಣಕ್ಕಿಡುತ್ತಾನೆ. ಅಪಾರ್ಟ್‌ಮೆಂಟಿನಲ್ಲಿ ಬ್ಯಾಟರಿ ಬಿಟ್ಟು ಹೋಗುವವನು ಮೇಲಿನ ಮನೆಯ ಮುದುಕಿಯನ್ನು, ಪಕ್ಕದ ಮನೆಯ ಎಳೆಗೂಸನ್ನು ಅವರನ್ನು ಕೇಳದೆಯೇ ಪಣಕ್ಕಿಟ್ಟಿರುತ್ತಾನೆ.

ಊರು ಬಿಟ್ಟು ಬಂದ ನಮ್ಮಂಥವರಿಗೆ ಈ ಮಾತು ಹೆಚ್ಚು ಅನ್ವಯಿಸುತ್ತದೆ. ಊರಿನ ಮನೆಗಳಲ್ಲಿ ಬೆಂಕಿಗೆ ಒಂದು ಶಿಸ್ತು ಇತ್ತು. ರಾತ್ರಿ ಮಲಗುವ ಮುನ್ನ ಒಲೆಯ ಕೆಂಡಕ್ಕೆ ಬೂದಿ ಮುಚ್ಚದೆ ಮನೆಯ ಹಿರಿಯ ಹೆಂಗಸು ಚಾಪೆ ಹಾಸುತ್ತಿರಲಿಲ್ಲ. ಹುಲ್ಲಿನ ಬಣವೆ ಮನೆಯಿಂದ ದೂರವಿರುತ್ತಿತ್ತು. ಹಿತ್ತಲಿತ್ತು, ಬಾವಿಯಿತ್ತು, ಹೊರಗೋಡಲು ಅಂಗಳವಿತ್ತು. ಕಾಚಿಗುಡ, ಬರ್ಕತ್‌ಪುರಗಳಿಂದ ಹಿಡಿದು ಕೂಕಟ್‌ಪಲ್ಲಿ, ಮಿಯಾಪುರಗಳವರೆಗೆ ಇಂದು ನಮ್ಮವರು ವಾಸಿಸುವ ಫ್ಲಾಟುಗಳಲ್ಲಿ ಹಿತ್ತಲೂ ಇಲ್ಲ, ಅಂಗಳವೂ ಇಲ್ಲ. ಒಬ್ಬರ ಮಾಳಿಗೆ ಇನ್ನೊಬ್ಬರ ನೆಲ. ಇಳಿಯಲು ಎಷ್ಟೋ ಕಡೆ ಒಂದೇ ಮೆಟ್ಟಿಲು. ನೆರೆಮನೆಯವರ ಮಾತೃಭಾಷೆ ಬೇರೆ, ಹಬ್ಬ ಬೇರೆ. ಆದರೆ ಹೊಗೆ ಬಂದರೆ ಎಲ್ಲರಿಗೂ ಆ ಮೆಟ್ಟಿಲೇ ಗತಿ. ಜಾಗ ಕಿರಿದಾದಷ್ಟೂ ಧರ್ಮ ಹಿರಿದಾಗಬೇಕಾಗುತ್ತದೆ.

ಆದ್ದರಿಂದ ನಮ್ಮ ಸೂಚನೆ ಸರಳವಾದದ್ದು: ಆಟದ ಸುಖ ಯಾರದೋ ಕಾವಲೂ ಅವರದೇ ಆಗಬೇಕು. ಬ್ಯಾಟರಿ ಚಾರ್ಜ್ ಆಗುವಷ್ಟು ಹೊತ್ತು ಅದನ್ನು ಇಟ್ಟವರು ಅದೇ ಕೋಣೆಯಲ್ಲಿ ಎಚ್ಚರವಾಗಿರಬೇಕು. ಇದೇನೂ ಕಠಿಣ ವ್ರತವಲ್ಲ. ಬ್ಯಾಟರಿಯ ಸಾಮರ್ಥ್ಯಕ್ಕೆ ತಕ್ಕ ಕರೆಂಟಿನಲ್ಲಿ, ಅಂದರೆ 5000 ಮಿಲಿ ಆಂಪಿಯರ್ ಗಂಟೆಯದಕ್ಕೆ 5 ಆಂಪಿಯರಿನಲ್ಲಿ, ಸುಮಾರು ಒಂದು ಗಂಟೆ ಹಿಡಿಯುತ್ತದೆ. ರಾತ್ರಿ ಮಲಗುವಾಗ, ಹೊರಗೆ ಹೋಗುವಾಗ ಚಾರ್ಜು ಬೇಡವೇ ಬೇಡ. ಬರಿಯ ನೆಲದ ಮೇಲೆ, ಟೈಲ್ಸಿನ ಅಥವಾ ಕಲ್ಲಿನ ಮೇಲೆ ಇಡಬೇಕು. ಹಾಸಿಗೆ, ಸೋಫಾ, ಪರದೆ, ಹಳೆಯ ಪೇಪರುಗಳ ಹತ್ತಿರ ಕೂಡದು. ಎಲ್ಲಕ್ಕಿಂತ ಮುಖ್ಯವಾಗಿ, ಮನೆಯ ಹೊರಬಾಗಿಲ ಬಳಿ ಇಡಬಾರದು. ಬೆಂಕಿಯೇ ದಾರಿಗೆ ಅಡ್ಡ ನಿಂತರೆ ಹೊರಬೀಳುವುದೆಲ್ಲಿಂದ? ಬ್ಯಾಟರಿಯ ಮೇಲೆ ಬರೆದಿರುವ ಸೆಲ್ಲುಗಳ ಸಂಖ್ಯೆಯನ್ನು ನೋಡಿ, ಸೆಲ್ಲುಗಳನ್ನು ಸರಿತೂಗಿಸುವ ಚಾರ್ಜರನ್ನೇ ಬಳಸಬೇಕು. ಓಡಿಸಿ ಬಿಸಿಯಾದ ಬ್ಯಾಟರಿ ತಣ್ಣಗಾಗುವವರೆಗೆ ಕಾಯಬೇಕು. ಹೈದರಾಬಾದಿನ ಮೇ ತಿಂಗಳ ಬಿಸಿಲಿನಲ್ಲಿ ಅದನ್ನು ನಿಲ್ಲಿಸಿದ ಕಾರಿನೊಳಗೆ ಬಿಡಬಾರದು. ಉಬ್ಬಿದ, ಕುಟ್ಟಿಹೋದ, ಗೋಡೆಗೆ ಗುದ್ದಿದ ಕಾರಿನಿಂದ ತೆಗೆದ ಬ್ಯಾಟರಿಗೆ ಮತ್ತೆ ಚಾರ್ಜು ಕೊಡುವ ಆಸೆ ಬೇಡ. ಅದರ ಬೆಲೆ ಎಷ್ಟೇ ಇರಲಿ. ಹೊಗೆ ಬಂದರೆ ವೀರತನ ತೋರಿಸದೆ ಎಲ್ಲರೂ ಹೊರಗೆ ಹೋಗಿ, ಬಾಗಿಲೆಳೆದುಕೊಂಡು, ನೆರೆಯವರನ್ನು ಎಬ್ಬಿಸಿ, 101ಕ್ಕೆ ಇಲ್ಲವೆ 112ಕ್ಕೆ ಫೋನು ಮಾಡಬೇಕು.

ಕೆಟ್ಟ ಬ್ಯಾಟರಿಯನ್ನು ಕಸದ ಬುಟ್ಟಿಗೆ ಎಸೆದರೆ ನಮ್ಮ ಮನೆಯ ಅಪಾಯ ಮುಗಿಯಿತು, ನಿಜ. ಆದರೆ ಅದು ಮುಗಿಯಲಿಲ್ಲ, ಸಾಗಿಹೋಯಿತು. ಬೆಳಿಗ್ಗೆ ಸ್ವಚ್ಛ ಆಟೋದವರ ಕೈಗೆ, ಅಲ್ಲಿಂದ ಕಸ ಅದುಮುವ ಯಂತ್ರದ ಬಾಯಿಗೆ ಹೋಗಿ, ಅದುಮಿದಲ್ಲಿ ಅದು ಹತ್ತಿಕೊಳ್ಳಬಹುದು. ನಮ್ಮ ಮಗನ ಆಟಕ್ಕೆ ಕಸ ಎತ್ತುವವರ ಕೈ ಸುಡಬೇಕೆ? 2022ರ ಬ್ಯಾಟರಿ ತ್ಯಾಜ್ಯ ನಿಯಮಗಳು ಹಳೆಯ ಬ್ಯಾಟರಿಗಳನ್ನು ಹಿಂದಕ್ಕೆ ಪಡೆಯುವ ಹೊಣೆಯನ್ನು ಉತ್ಪಾದಕರ ಮೇಲೆ ಹೊರಿಸಿವೆ. ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಅದನ್ನು ಪ್ರತ್ಯೇಕವಾಗಿ ಒಪ್ಪಿಸುವುದು ನಮ್ಮ ಹೊಣೆ.

ಕೊನೆಯದಾಗಿ, ಇದನ್ನು ಓದಿ ಹೆದರಿದ ತಂದೆತಾಯಿಗಳು ನಾಳೆಯೇ ಕಾರನ್ನು ಅಟ್ಟಕ್ಕೆ ಹಾಕಿಬಿಟ್ಟರೆ ನಮಗೆ ದುಃಖವಾಗುತ್ತದೆ. ವೋಲ್ಟು, ಆಂಪಿಯರುಗಳನ್ನು ಪರೀಕ್ಷೆಗೆ ಬಾಯಿಪಾಠ ಮಾಡುವ ಹುಡುಗ ಅವುಗಳನ್ನು ಕೈಯಿಂದ ಅರಿಯುವುದು ಇಂಥ ಆಟದಲ್ಲಿ. ನಿಷೇಧಿಸಿದರೆ ಆಟ ನಿಲ್ಲುವುದಿಲ್ಲ, ಕಂಬಳಿಯ ಕೆಳಗೆ ಹೋಗುತ್ತದೆ; ಬ್ಯಾಟರಿಗೆ ಅದಕ್ಕಿಂತ ಕೆಟ್ಟ ಜಾಗ ಇನ್ನೊಂದಿಲ್ಲ. ಹುಡುಗನಿಗೆ ಕಾರಿನ ಜೊತೆಗೆ ಕಾವಲಿನ ಹುದ್ದೆಯನ್ನೂ ಕೊಡಿ. ನಿನ್ನ ಕೈಯಲ್ಲಿ ಈ ಮೆಟ್ಟಿಲಿನ ಎಲ್ಲ ಮನೆಗಳೂ ಇವೆಯಪ್ಪ ಎಂದು ಹೇಳಿ. ದೊಡ್ಡವನಾದ ಹೆಮ್ಮೆಯಿಂದಲೇ ಅವನು ಕಾಯುತ್ತಾನೆ. ಸಾಧ್ಯವಾದರೆ ಆ ಒಂದು ಗಂಟೆ ಅವನ ಪಕ್ಕದಲ್ಲಿ ನೀವೂ ಕುಳಿತುಕೊಳ್ಳಿ. ಶಾಲೆಯಲ್ಲಿ ಇಂಗ್ಲಿಷು, ಬೀದಿಯಲ್ಲಿ ತೆಲುಗು, ಹಿಂದಿ ಆಡುವ ನಮ್ಮ ಮಕ್ಕಳಿಗೆ ಅಪ್ಪನೊಡನೆ ಕನ್ನಡದಲ್ಲಿ ಮಾತಾಡಲು ದಿನದಲ್ಲಿ ಬೇರೆ ಯಾವ ಗಂಟೆ ಉಳಿದಿದೆ?